ಒಂದು ಚಿಲ್ಲರ್, ಎರಡು ಪಾತ್ರೆ

ಪ್ರಶ್ನೆ: ಕಾರವಾರದ ಕೋಡಿಬಾಗದ ನಮ್ಮ ಮನೆಯಲ್ಲಿ ಶುಂಠಿ ಬಿಯರ್ ಹುದುಗಿಸುವ ಎರಡು ಸ್ಟೀಲ್ ಪಾತ್ರೆಗಳನ್ನು ಗ್ಲೈಕಾಲ್ (ಹೆಪ್ಪುಗಟ್ಟುವುದನ್ನು ತಡೆಯುವ ದ್ರವ) ಬೆರೆಸಿದ ನೀರನ್ನು ತಣಿಸಿ ಕೊಳವೆಗಳಲ್ಲಿ ಹರಿಸುವ ಒಂದೇ ಗ್ಲೈಕಾಲ್ ಚಿಲ್ಲರ್‌ಗೆ ಒಂದರ ಬೆನ್ನಿಗೆ ಇನ್ನೊಂದರಂತೆ ಜೋಡಿಸಿದ್ದೇನೆ. ಎರಡರ ಉಷ್ಣತೆಯನ್ನು ಬೇರೆ ಬೇರೆಯಾಗಿ ಹಿಡಿತದಲ್ಲಿಡಲು ಆಗುತ್ತಿಲ್ಲ. ಕೊಳವೆಗಳಿಂದ ನೀರು ತೊಟ್ಟಿಕ್ಕಿ ನೆಲವೂ ಒದ್ದೆಯಾಗುತ್ತದೆ. ಏನು ಮಾಡಲಿ?

ಉತ್ತರ: ದೋಷವಿರುವುದು ಜೋಡಣೆಯಲ್ಲಿ. ಒಂದೇ ಹರಿವು ಎರಡೂ ಪಾತ್ರೆಗಳ ತಣಿಸುವ ಕೊಳವೆ ಸುರುಳಿಗಳನ್ನು ಹಾದುಹೋಗುವಾಗ ಒಂದನ್ನು ತಣಿಸಿ ಇನ್ನೊಂದನ್ನು ಬಿಡಲಾಗದು. ಆದ್ದರಿಂದ ಪ್ರತಿ ಪಾತ್ರೆಗೂ ಚಿಲ್ಲರ್ ತೊಟ್ಟಿಯೊಳಗೆ ಪ್ರತ್ಯೇಕ ಸಣ್ಣ ಪಂಪ್ ಇಟ್ಟು, ಆ ಪಾತ್ರೆಯ ಥರ್ಮೋಸ್ಟಾಟ್ ಅದನ್ನು ಚಾಲೂ ಮಾಡುವಂತೆ ಮಾಡಿ, ಹಿಂತಿರುಗುವ ಕೊಳವೆಗಳನ್ನೂ ಬೇರೆ ಬೇರೆಯಾಗಿಯೇ ತೊಟ್ಟಿಗೆ ಬಿಡಿ.

ತೊಟ್ಟಿಕ್ಕುವ ನೀರು ಸೋರಿಕೆಯೇ ಆಗಿರಬೇಕೆಂದಿಲ್ಲ. ನಮ್ಮ ಕರಾವಳಿಯ ತೇವದ ಗಾಳಿ ತಣ್ಣನೆಯ ಕೊಳವೆಗೆ ತಾಗಿದೊಡನೆ ಬೆವರುತ್ತದೆ. ಮುಚ್ಚಿದ ರಂಧ್ರಗಳ ರಬ್ಬರ್ ಫೋಮ್ ಕವಚವನ್ನು ತೊಡಿಸಿ, ಸೀಳು ಮತ್ತು ಕೀಲುಗಳನ್ನು ಎಲ್ಲಿಯೂ ಗಾಳಿ ನುಸುಳದಂತೆ ಅಂಟಿಸಿ, ಏಕೆಂದರೆ ಬೆರಳಗಲ ಬಿಟ್ಟರೂ ಹನಿ ಅಲ್ಲಿಂದಲೇ ಇಳಿಯುತ್ತದೆ. ಹುದುಗುವಿಕೆಗೆ 18ರಿಂದ 20 ಡಿಗ್ರಿ ಸಾಕಾಗಿದ್ದರೆ ತೊಟ್ಟಿಯನ್ನು ಸೊನ್ನೆಗಿಂತ ಕೆಳಗಿಳಿಸದೆ 8–10 ಡಿಗ್ರಿಯಲ್ಲಿಡಿ, ಬೆವರುವುದೂ ಕಡಿಮೆಯಾಗುತ್ತದೆ.

ದ್ರಾವಣಕ್ಕೆ ಆಹಾರ ದರ್ಜೆಯ ಪ್ರೊಪಿಲೀನ್ ಗ್ಲೈಕಾಲ್ ಒಂದು ಪಾಲು, ನೀರು ಎರಡು ಪಾಲು ಬೆರೆಸಿ. ವಾಹನಗಳ ಕೂಲೆಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ದಯವಿಟ್ಟು ಅದನ್ನು ಮನೆಯೊಳಗೂ ತರಬೇಡಿ. ಗ್ಲೈಕಾಲ್ ತುಂಬುವ ಮೊದಲು ಬರಿ ನೀರನ್ನು ಒಂದು ದಿನ ಹರಿಸಿ, ಪ್ರತಿ ಕ್ಲಾಂಪಿನ ಕೆಳಗೆ ಒಣ ಕಾಗದವಿಟ್ಟು ಸೋರಿಕೆ ಪರೀಕ್ಷಿಸಿ. ಉಪ್ಪುಗಾಳಿ ಚಿಲ್ಲರಿನ ಶಾಖವನ್ನು ಹೊರಬಿಡುವ ಕಂಡೆನ್ಸರಿನ ತೆಳು ಲೋಹದ ರೆಕ್ಕೆಗಳನ್ನು ತಿನ್ನುವುದರಿಂದ ಚಿಲ್ಲರನ್ನು ಸಮುದ್ರದತ್ತ ತೆರೆದ ಜಗಲಿಯಲ್ಲಿ ಇಡಬೇಡಿ.