ಸ್ವಿಚ್ ಇರುವ ಕಣ ಬರಲಿ ಅಂತ ಕಾಯಬೇಕಾ?

ಪ್ರಶ್ನೆ: ಅಕ್ಕನ ಮಗನಿಗೆ 24 ವರ್ಷ. ಬಿ-ಸೆಲ್ ಲಿಂಫೋಮಾ (ಒಂದು ಬಗೆಯ ರಕ್ತದ ಕ್ಯಾನ್ಸರ್). ಕೀಮೋ ಆದ ಮೇಲೂ ಮತ್ತೆ ಬಂದಿದೆ. ಬೆಂಗಳೂರಿನ ಡಾಕ್ಟರು ಕಾರ್-ಟಿ ಚಿಕಿತ್ಸೆ ಮಾಡಿಸಿ ಅಂತಾರೆ. ಆನ್-ಆಫ್ ಮಾಡುವ ಕಣಗಳು ಬರಲಿವೆ ಎಂದು ಓದಿದೆ. ಅವು ಬರುವ ತನಕ ಕಾಯುವುದು ಒಳ್ಳೇದಲ್ವಾ ಡಾಕ್ಟರೇ?
– ಓದುಗರೊಬ್ಬರು, ಸಿಂಧನೂರು

ಉತ್ತರ: ಕಾಯಬೇಡಿ. ಮರಳಿ ಬಂದ ಲಿಂಫೋಮಾ ನಮಗಾಗಿ ಕಾಯುವುದಿಲ್ಲ.

ಕಾರ್-ಟಿ ಅಂದರೆ, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳಾದ ರೋಗಿಯದೇ ಟಿ ಕಣ ತೆಗೆದು, ವೈರಸ್ ಮೂಲಕ ಹೊಸ ಜೀನ್ ಸೇರಿಸುತ್ತಾರೆ. ಕ್ಯಾನ್ಸರ್ ಕಣದ ಮೇಲಿನ ಸಿಡಿ19 ಗುರುತನ್ನು ಹಿಡಿಯುವ ಶಕ್ತಿ ಅದರಿಂದ ಬರುತ್ತದೆ; ಆಮೇಲೆ ಆ ಕಣಗಳನ್ನು ಮತ್ತೆ ರೋಗಿಯ ಮೈಗೇ ಹಾಕುತ್ತಾರೆ. ಜೀನ್ ಎಷ್ಟು ಕೆಲಸ ಮಾಡಬೇಕೆಂಬುದು ಅದರ ಮುಂದಿರುವ ಪ್ರಮೋಟರ್ ಎಂಬ ಡಿಎನ್‌ಎ ತುಂಡಿನ ಕೈಯಲ್ಲಿ. ಈಗ ಸಿಗುವ ಕಾರ್-ಟಿಯಲ್ಲಿ ಅದು ಸದಾ ಆನ್. ಕಣಗಳು ಅತಿಯಾಗಿ ಕೆರಳಿದರೆ ಜೋರು ಜ್ವರ ಬರುತ್ತದೆ, ಬಿಪಿ ಇಳಿಯುತ್ತದೆ. ಆಗ ಈ ಕೆರಳಿಕೆ ತಗ್ಗಿಸಲು ಟೋಸಿಲಿಜುಮ್ಯಾಬ್ ಎಂಬ ಔಷಧಿ, ಸ್ಟೀರಾಯ್ಡ್ ಕೊಡುತ್ತಾರೆ. 2024ರಲ್ಲಿ ನಮ್ಮ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕಿತ್ತುಹೋದಾಗ ನೀರು ತಡೆಯಲು ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ಅಡ್ಡಗೇಟು ಇಳಿಸಿದರಲ್ಲ, ಹಾಗೆ ಹೊರಗಿನಿಂದ ತಡೆ.

ನೀವು ಓದಿದ್ದೂ ಸುಳ್ಳಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟಾಗ ಮಾತ್ರ ಜೀನ್ ಕೆಲಸ ಮಾಡುವ ಕಣಗಳನ್ನು ಲ್ಯಾಬುಗಳಲ್ಲಿ ಮಾಡಿದ್ದಾರೆ. ಹೌದು, ಜ್ವರಕ್ಕೆ ನಾನು ಬಳ್ಳಾರಿಯಲ್ಲಿ ದಿನಾ ಬರೆಯುವ ಅದೇ ಮಾತ್ರೆ! ಕಣವನ್ನೇ ಸಾಯಿಸುವ ಸ್ವಿಚ್ ಕೂಡ ಇದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಒಂದೇ ಡೋಸ್ ಔಷಧಿಗೆ ಅರ್ಧ ಗಂಟೆಯೊಳಗೆ ಶೇ 90ಕ್ಕೂ ಜಾಸ್ತಿ ಕಣಗಳು ಸತ್ತವು. ಆದರೆ ಕಣ ಸತ್ತರೆ ಚಿಕಿತ್ಸೆಯೂ ಹೋಯಿತು. ನನಗೆ ಹಿಡಿಸಿದ್ದು 2017ರ ನ್ಯೂಯಾರ್ಕ್ ಕೆಲಸ. ಕ್ರಿಸ್ಪರ್ ಎಂಬ ಜೀನ್ ಕತ್ತರಿ ಬಳಸಿ ಹೊಸ ಜೀನನ್ನು ಟಿ ಕಣದ ಸ್ವಂತ ರಿಸೆಪ್ಟರ್ (ಶತ್ರುವಿನ ಗುರುತು ಹಿಡಿಯುವ ಪ್ರೋಟೀನ್) ಜೀನಿನ ಜಾಗದಲ್ಲೇ ಕೂರಿಸಿದರು. ಏರಿಳಿತವನ್ನು ಕಣವೇ ನೋಡಿಕೊಂಡಿತು, ಬೇಗ ಸುಸ್ತಾಗಲಿಲ್ಲ. ಆದರೆ ಅದು ಇಲಿಗಳಲ್ಲಿ.

ನಿಮ್ಮ ಹುಡುಗನಿಗೆ ಬೇಕಿರುವುದು ಇವತ್ತು ಸಿಗುವ ಚಿಕಿತ್ಸೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಬೆಳೆಸಿದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು. ಅಮೆರಿಕದ ದರದ ಮುಂದೆ ಕಡಿಮೆ ಅಂದರೂ ಲಕ್ಷಗಟ್ಟಲೆ ಖರ್ಚಿದೆ, ಸುಮ್ನೆ ಸಣ್ಣ ಮಾತಲ್ಲ. ಐಸಿಯು ಇದೆಯಾ, ಟೋಸಿಲಿಜುಮ್ಯಾಬ್ ಕೈಗೆಟುಕುವಂತೆ ಇಟ್ಟಿದ್ದಾರಾ ಎಂದು ಮೊದಲೇ ಕೇಳಿ. ಕಣ ಹಾಕಿದ ಮೇಲೆ ಸುಮಾರು ಒಂದು ತಿಂಗಳು ಆಸ್ಪತ್ರೆ ಹತ್ತಿರವೇ ಇರಬೇಕು. ಸಿಂಧನೂರಿನಿಂದ ಓಡಾಡುವುದು ಆಗದ ಮಾತು, ಬೆಂಗಳೂರಲ್ಲಿ ರೂಮು ನೋಡಿಕೊಳ್ಳಿ.