ರಸ್ತೆ ಚೆನ್ನಾದ ಮೇಲೆ ವ್ಯಾನಿನ ಮೈಲೇಜ್ ಇಳಿದದ್ದು ಯಾಕೆ?

ಅಣ್ಣ, ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನ್ ಮಾಡಿಸಲು ಈಗಲೇ ದುಡ್ಡು ಕೊಡಬೇಡಿ. ಬದಿಯಡ್ಕದಿಂದ ಮಂಗಳೂರಿಗೆ ಅಡಿಕೆ ಒಯ್ಯುವ ವ್ಯಾನು, ಹೈವೇ ಆರು ಪಥ ಆದ ಮೇಲೆ ಮೊದಲಿಗಿಂತ ಕಮ್ಮಿ ಮೈಲೇಜ್ ಕೊಡುತ್ತಿದೆ ಅಂತ ಬರೆದಿದ್ದೀರಿ. ಈಗ ಕುಂಬಳೆ ದಾಟಿ ಹೈವೇ ಹಿಡಿದ ಮೇಲೆ ಎಷ್ಟು ಸ್ಪೀಡಿನಲ್ಲಿ ಹೋಗುತ್ತೀರಿ ಅಂತ ಮಾತ್ರ ಬರೆದಿಲ್ಲ. 90 ಅಲ್ವಾ? ನನ್ನ ಅನುಮಾನ ಅಲ್ಲೇ.

ಗಾಳಿಯ ತಡೆ ಸ್ಪೀಡಿನ ಜತೆ ಸಮವಾಗಿ ಏರುವುದಿಲ್ಲ, ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. 60ರಿಂದ 90ಕ್ಕೆ ಹೋದರೆ ಸ್ಪೀಡ್ ಒಂದೂವರೆ ಪಟ್ಟು, ತಡೆ ಎರಡೂಕಾಲು ಪಟ್ಟು. ಆ ತಡೆಯನ್ನು ನೂಕಲು ಬೇಕಾದ ಶಕ್ತಿ ಮೂರು ಪಟ್ಟಿಗಿಂತಲೂ ಜಾಸ್ತಿ. ಟಯರ್ ಉರುಳುವ ತಡೆ ಹಾಗಲ್ಲ. ಅದಕ್ಕೆ ಭಾರ ಮುಖ್ಯ, ಸ್ಪೀಡಿಗೆ ಹೆಚ್ಚು ಬದಲಾಗುವುದಿಲ್ಲ. ಲೋಡ್ ಸೇರಿ 1400 ಕೆಜಿ ಇರುವ ವ್ಯಾನಿಗೆ ಅಂದಾಜು ಲೆಕ್ಕ ಹಾಕಿದರೆ, 60ರ ಹೊತ್ತಿಗೆ ಎರಡೂ ಸಮ ಸಮ. 90ರಲ್ಲಿ ಗಾಳಿಯದ್ದು ಇನ್ನೊಂದರ ಎರಡು ಪಟ್ಟಿಗೂ ಮೇಲೆ. ಪೆಟ್ರೋಲ್ ಅದೇ ಪ್ರಮಾಣದಲ್ಲಿ ಏರುವುದಿಲ್ಲ, ಯಾಕೆಂದರೆ ಲೋಡ್ ಬಿದ್ದಾಗ ಎಂಜಿನ್ ಸ್ವಲ್ಪ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೂ ಜೇಬಿಗೆ ತಿಳಿಯುವಷ್ಟು ಏರುತ್ತದೆ. ನಮ್ಮ ವ್ಯಾನುಗಳ ಮುಖವೂ ಗೋಡೆ ನಿಲ್ಲಿಸಿದ ಹಾಗೆ ಮಾರಾಯ್ರೇ, ಕಾರಿಗಿಂತ ಎತ್ತರ ಬೇರೆ.

ಹಾಗಂತ 30ರಲ್ಲಿ ತೆವಳಿದರೆ ಲಾಭ ಇಲ್ಲ. ಕೆಳಗಿನ ಗೇರಿನಲ್ಲಿ ಎಂಜಿನ್ ಸುಮ್ನೆ ತಿರುಗುವುದಕ್ಕೇ ಪೆಟ್ರೋಲ್ ಹೋಗುತ್ತದೆ. ಟಾಪ್ ಗೇರಿನಲ್ಲಿ ಎಂಜಿನ್ ಅದುರದೆ ಎಳೆಯುವ ಸ್ಪೀಡ್, ಅಂದರೆ 55ರಿಂದ 65, ಇಂಥ ವ್ಯಾನಿಗೆ ಸರಿ. ಅದರಲ್ಲಿ ಹೋಗುವಾಗ ಎಡಗಡೆಯ ಲೇನ್ ಬಿಡಬೇಡಿ. 30 ಕಿ.ಮೀ. ಹೈವೇಗೆ 90ರಲ್ಲಿ 20 ನಿಮಿಷ, 65ರಲ್ಲಿ 28. ಅಡಿಕೆ ಎಂಟು ನಿಮಿಷ ಕಾಯುತ್ತದೆ.

ಹೈವೇ ಸೇರುವ ಮೊದಲು ಸಿಗುವ ಸೀತಾಂಗೋಳಿ ಕಡೆಯ ಏರು ತಿರುವುಗಳಲ್ಲಿ ಲೆಕ್ಕ ಬೇರೆ. ಅಲ್ಲಿ ಭಾರ ಮತ್ತು ಬ್ರೇಕೇ ಪೆಟ್ರೋಲ್ ತಿನ್ನುವುದು. ಮುಂದೆ ತಿರುವು ಕಂಡಾಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ, ಗೇರ್ ಹಾಗೇ ಇರಲಿ. ನ್ಯೂಟ್ರಲ್ ಮಾಡಿ ಇಳಿಸುವುದು ಬೇಡವೇ ಬೇಡ.

ಮೇಲಿನ ಕ್ಯಾರಿಯರ್ ಬಗ್ಗೆಯೂ ಕೇಳಿದ್ದೀರಿ. ಬಾಳೆಗೊನೆ ಹಾಕುವ ದಿನ ಬಿಟ್ಟು ಉಳಿದ ದಿನ ಬಿಚ್ಚಿಡಿ. ಖಾಲಿ ಇದ್ದರೂ ಅದು ಗಾಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ಹಾಕಲೇಬೇಕಾದರೆ ಟರ್ಪಾಲು ಪಟಪಟ ಹೊಡೆಯದಂತೆ ಬಿಗಿಯಾಗಿ ಕಟ್ಟಿ. ಗೋಣಿಗಳು ಒಳಗೇ ಇರಲಿ. ಲಾರಿಯ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಪ್ಪುತ್ತದೆ ಅಂತ ಒಬ್ಬರು ಬರೆದಿದ್ದಾರೆ. ತಪ್ಪುವುದು ನಿಜ. ಲಾರಿ ಗಕ್ಕನೆ ನಿಂತರೆ ಏನು ಮಾಡುತ್ತೀರಿ?

ಟಯರ್ ಗಾಳಿಯನ್ನು ಬೆಳಗ್ಗೆ, ಓಡಿಸುವ ಮೊದಲು ನೋಡಿಸಿ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ ಲೋಡಿಗೆ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಸಿ.

ಆಮೇಲೆ ಒಂದೇ ಬಂಕಿನಲ್ಲಿ, ಪೈಪ್ ತಾನಾಗಿ ನಿಲ್ಲುವವರೆಗೆ ಪೆಟ್ರೋಲ್ ತುಂಬಿಸಿ ಕಿ.ಮೀ. ಬರೆದುಕೊಳ್ಳಿ. ಮುಂದಿನ ಫುಲ್ ಟ್ಯಾಂಕಿನವರೆಗೆ ಹೈವೇಯಲ್ಲಿ 65 ದಾಟಬೇಡಿ. ಓಡಿದ ಕಿ.ಮೀ.ಯನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. ಆಗಲೂ ಮೈಲೇಜ್ ಏರದಿದ್ದರೆ, ಒಂದು ಸುತ್ತು ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಮುಂದಿನ ಎರಡರಲ್ಲಿ ಅಥವಾ ಹಿಂದಿನ ಎರಡರಲ್ಲಿ ಒಂದೇ ಚಕ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿದುಕೊಂಡಿರಬಹುದು. ಮೆಕ್ಯಾನಿಕ್‌ಗೆ ಮೊದಲು ಅದನ್ನೇ ತೋರಿಸಿ.