ಹಳೇ ಮರೀನಾ ತಗೊಳ್ಳುವ ಮೊದಲು ಡಿಕ್ಕಿಯ ಮ್ಯಾಟ್ ಎತ್ತಿ

ಪ್ರಶ್ನೆ: ಉಡುಪಿಯ ಕಡಿಯಾಳಿಯಲ್ಲಿ ಸಣ್ಣ ಮಟ್ಟಿಗೆ ಅಡುಗೆ ಕಂಟ್ರಾಕ್ಟ್ ಮಾಡುತ್ತೇನೆ. ಪಾತ್ರೆ ಸಾಗಿಸಲಿಕ್ಕೂ ಮನೆಯವರು ಓಡಾಡಲಿಕ್ಕೂ ಒಂದೇ ಕಾರು ಬೇಕು. ಮಂಗಳೂರಿನಲ್ಲಿ 2007ರ ಟಾಟಾ ಇಂಡಿಗೊ ಮರೀನಾ ಡೀಸೆಲ್ ಸಿಕ್ಕಿದೆ. ಡಾಕ್ಟರೊಬ್ಬರು ಓಡಿಸಿದ್ದಂತೆ. ಫೋಟೊ ಇಟ್ಟಿದ್ದೇನೆ. ಏನೇನು ನೋಡಬೇಕು?

ಉತ್ತರ: ನಮ್ಮಲ್ಲಿ ಮಾರಾಟಕ್ಕೆ ಬರುವ ಹಳೇ ಕಾರೆಲ್ಲ ಡಾಕ್ಟರರದ್ದೇ ಮಾರಾಯ್ರೆ! ಯಾರು ಓಡಿಸಿದರು ಅನ್ನುವುದಕ್ಕಿಂತ ಹಿಂದೆ ಏನು ಹೇರಿದ್ದರು ಅಂತ ಕೇಳಿ. ಡಿಕ್ಕಿ ಉದ್ದದ ಕಾರನ್ನು ಜನ ತಗೊಳ್ಳುವುದೇ ಸಾಮಾನು ಹಾಕಲಿಕ್ಕೆ ಅಲ್ವಾ?

ಡಿಕ್ಕಿಯ ಮ್ಯಾಟ್ ಪೂರ್ತಿ ಎತ್ತಿಸಿ. ಸ್ಟೆಪ್ನಿ ತೆಗೆದು ಅದರ ಗುಂಡಿಗೆ ಟಾರ್ಚ್ ಹಾಕಿ. ಬಾಗಿಲಿನ ರಬ್ಬರ್ ಸತ್ತಿದ್ದರೆ ಮಳೆನೀರು ಬಂದು ನಿಲ್ಲುವುದು ಅಲ್ಲೇ. ಮೀನಿನ ಪೆಟ್ಟಿಗೆ ಸಾಗಿಸಿದ ಕಾರಾದರೆ ಇನ್ನೂ ಕಷ್ಟ. ಉಪ್ಪುನೀರು ಇಳಿದು ಬೆಸುಗೆಯ ಸಂದಿಯಿಂದಲೇ ತುಕ್ಕು ಶುರುವಾಗುತ್ತದೆ. ಸೆಂಟ್ ಹೊಡೆದು ವಾಸನೆ ಮುಚ್ಚಿರಬಹುದು, ತುಕ್ಕು ಮುಚ್ಚಲಿಕ್ಕಾಗುವುದಿಲ್ಲ. ಆಮೇಲೆ ವಾಟರ್ ಸರ್ವಿಸ್‌ನವರ ಹತ್ತಿರ ಕಾರನ್ನು ಮೇಲೆತ್ತಿಸಿ ಅಡಿ ನೋಡಿ. ಹಳೇ ಕಾರಿಗೆ ಹೊಚ್ಚ ಹೊಸ ಕಪ್ಪು ಕೋಟಿಂಗ್ ಬಳಿದಿದ್ದರೆ ನನಗೆ ಸಂಶಯವೇ ಜಾಸ್ತಿ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಬಡಿದು ನೋಡಿ. ಹಿಂದಿನ ಚಕ್ರದ ಕಮಾನಿಗೆ ಅಯಸ್ಕಾಂತ ಹಿಡಿಯಿರಿ. ಅಂಟದಿದ್ದರೆ ಒಳಗೆ ಪುಟ್ಟಿ ಉಂಟು.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕೊನೆಯಲ್ಲಿ ಕೆಸರಿನ ಗೆರೆ ಕಂಡರೆ ಕಾರು ನೆರೆಯಲ್ಲಿ ನಿಂತದ್ದಿರಬಹುದು. ಮಂಗಳೂರಿನ ಕೊಟ್ಟಾರ ಚೌಕಿಯ ಕಡೆ ಜೋರು ಮಳೆಗೆ ಏನಾಗುತ್ತದೆ ಅಂತ ನಿಮಗೂ ಗೊತ್ತಲ್ಲ.

ನೀವು ಕಳಿಸಿದ ಫೋಟೊದಲ್ಲಿ ಕಾರು ಖಾಲಿ ಇದ್ದರೂ ಹಿಂಭಾಗ ಕುಳಿತ ಹಾಗಿದೆ. ಸ್ಪ್ರಿಂಗ್ ಸೋತಿರಬೇಕು. ಸುಮ್ನೆ ಒಬ್ಬರೇ ಓಡಿಸಿ ನೋಡಬೇಡಿ. ನಾಲ್ಕು ಜನ ಕೂತು, ಹಿಂದೆ ಒಂದಷ್ಟು ಪಾತ್ರೆ ಹಾಕಿ ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತಿಸಿ. ಹಂಪಿನಲ್ಲಿ ಹಿಂಭಾಗ ಎರಡು ಮೂರು ಸಲ ಕುಣಿದರೆ ಶಾಕ್ ಅಬ್ಸಾರ್ಬರ್ ಮುಗಿದಿದೆ. ಸ್ಪ್ರಿಂಗೂ ಅದೂ ಬದಲಿಸಬಹುದು, ಆ ಖರ್ಚನ್ನು ರೇಟಿನಲ್ಲಿ ಇಳಿಸಿ.

ಎಂಜಿನ್ ಬಗ್ಗೆ ನನಗೆ ಅಷ್ಟು ಹೆದರಿಕೆ ಇಲ್ಲ. ಇದು ಟಾಟಾ ಇಂಡಿಕಾದ ಜಾತಿಯದ್ದೇ, ಇಂಡಿಕಾ ಬಿಚ್ಚಿ ಗೊತ್ತಿದ್ದ ಮೆಕ್ಯಾನಿಕ್ ಇದನ್ನೂ ಮಾಡುತ್ತಾನೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಬಾನೆಟ್ ಬಿಸಿಯಾಗಿದ್ದರೆ ಯಾಕೆ ಅಂತ ಕೇಳಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ ಇಲ್ಲದಿದ್ದರೆ ತಗೊಂಡ ಕೂಡಲೇ ಹೊಸದು ಹಾಕಿಸಿ.

ಕಷ್ಟ ಬರುವುದು ಮರೀನಾಕ್ಕೆ ಮಾತ್ರ ಇರುವ ಸಾಮಾನಿಗೆ. ಹಿಂಬಾಗಿಲು, ಅದರ ಗಾಜು, ಹಿಂದಿನ ಲೈಟು. ಇವಕ್ಕೆ ಗುಜರಿ ಅಂಗಡಿ ಅಲೆಯಬೇಕಾದೀತು. ಬಾಗಿಲು ಎತ್ತಿ ಕೈಬಿಡಿ, ತಾನಾಗಿ ನಿಲ್ಲಬೇಕು. ನಿಲ್ಲದಿದ್ದರೆ ಪಾತ್ರೆ ಇಳಿಸುವಾಗ ನಿಮ್ಮ ತಲೆಗೇ ಬೀಳುತ್ತದೆ. ಹಿಂದಿನ ವೈಪರ್ ಸತ್ತಿದ್ದರೆ ಕೀಲಿನ ಹತ್ತಿರದ ವೈರ್ ನೋಡಿ. ಬಾಗಿ ಬಾಗಿ ಅಲ್ಲೇ ತುಂಡಾಗುತ್ತದೆ.

ಇನ್ನು ಕಾಗದಪತ್ರ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಈ ಕಾರಿಗೆ 2022ರಲ್ಲೇ ಆಗಿರಬೇಕಿತ್ತು. ಆಗಿಲ್ಲದಿದ್ದರೆ ಮಾರುವವರೇ ಮಾಡಿಸಿಕೊಡಲಿ. ಕಾರು ನಿಮ್ಮ ಹೆಸರಿಗೆ ಮಾಡಲಿಕ್ಕೆ ಫಾರ್ಮ್ 29, 30ಕ್ಕೆ ಸಹಿ ತಗೊಳ್ಳಿ. ಆರ್‌ಸಿಯಲ್ಲಿ ಸಾಲ ಕೊಟ್ಟವರ ಹೆಸರು ಇನ್ನೂ ಇದ್ದರೆ ಅದನ್ನು ತೆಗೆಸಲಿಕ್ಕೆ ಫಾರ್ಮ್ 35 ಕೂಡ ಬೇಕು.

ಸ್ಟೆಪ್ನಿಯ ಗುಂಡಿಯಲ್ಲಿ ತುಕ್ಕು ಹಿಡಿದು ತೂತಾಗಿದ್ದರೆ ಅಥವಾ ಹಿಂದಿನ ಗಾಜು ಬಿರುಕು ಬಿಟ್ಟಿದ್ದರೆ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಕೊನೇ ಸೀಟು ಮಡಚುವ ಹಳೇ ಎರ್ಟಿಗಾ ಹುಡುಕಿ.